ಪಟ್ಟೆ ಅಂಗಿಯವರೂ ನಮ್ಮತ್ತೆಯೂ

ನಮ್ಮತ್ತೆಯ ಎಡಗಿವಿಯ ಹಾಲೆ ಸೀಳಿ ಎರಡು ಎಳೆಯಾಗಿ ಜೋತಾಡುತ್ತಿತ್ತು. ಬಲಗಿವಿಯಲ್ಲಿ ಮಾತ್ರ ಒಂದು ಕೆಂಪು ಹರಳಿನ ಓಲೆ. ಹೊಲಿಸಿಕೊಳ್ಳಬಹುದು, ದುರ್ಗದಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದುಂಟು. "ಇರ್ಲಿ ಬಿಡೋ ತಮ್ಮಾ. ಹೊಲಿಸ್ಕಂಡ್ರೆ ಮರ್ತುಬಿಡ್ತೀನಿ" ಎನ್ನುತ್ತಿದ್ದಳು. ತಲೆಯ ಮೇಲಿನ ಸೆರಗನ್ನು ಬೇಕೆಂದೇ ಹಿಂದಕ್ಕೆ ಸರಿಸಿ, ಆ ಕಿವಿ ನಾಲ್ಕು ಜನರಿಗೆ ಕಾಣುವಂತೆ ಓಡಾಡುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬನಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಆತ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ. ಅಷ್ಟಕ್ಕೇ ನಿಂತಿದ್ದರೆ ಹೇಗೋ ಏನೋ. ಹೊಸಬಳ ಕಿವಿಗೆ ಇಡಲು ಇವಳ ಓಲೆ ಕೇಳಿದ. ಕೊಡುವುದಿಲ್ಲ ಎಂದಳು. ಎಳೆದ. ಪಂಚಾಯ್ತಿ ಸೇರಿತು. ಕಿವಿಗೆ ಬಟ್ಟೆ ಒತ್ತಿಕೊಂಡು ಕೂತವಳ ಎದುರಿಗೇ, "ದನದ ಕೊಂಬು ತಗುಲ್ತು" ಎಂದು ಹೇಳಿದ ಆ ಪುಣ್ಯಾತ್ಮ. ಅವರ ಮನೆಯಲ್ಲಿ ದನವೇ ಇರಲಿಲ್ಲ. ಅದು ಪಂಚರಿಗೂ ಗೊತ್ತಿತ್ತು. "ಹೊಂದ್ಕಂಡು ಹೋಗವ್ವ" ಎಂದು ಪಂಚೆ ಕೊಡವಿ ಎದ್ದರು. ಅತ್ತೆ ಅವತ್ತೇ ಬಸ್ಸು ಹತ್ತಿ ಚಳ್ಳಕೆರೆಯ ನಮ್ಮ ಮನೆಗೆ ಬಂದುಬಿಟ್ಟಳು. ಇದೆಲ್ಲ ನಾನು ಹುಟ್ಟುವ ಮುಂಚಿನ ಮಾತು.

ನಾನು ಕಂಡದ್ದು ಸೀರೆಗೆ ಕುಚ್ಚು ಕಟ್ಟುವ ಅತ್ತೆಯನ್ನು. ಸೆರಗಿನ ತುದಿಯ ಎಳೆಗಳನ್ನು ಹೊಸೆದು ಗಂಟು ಹಾಕುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಮದುವೆ ಸೀರೆಗಳೆಲ್ಲ ನಮ್ಮ ಮನೆಗೇ ಬರುತ್ತಿದ್ದವು. ಯಾರಾದರೂ ಹೊಸ ಸೀರೆ ಬಿಚ್ಚಿದರೆ ಮೊದಲು ಕೇಳುತ್ತಿದ್ದ ಮಾತು, "ಯಾವ ಅಂಗಡೀದು?" ಗಂಡನ ಅಂಗಡಿಯದಾದರೆ ಮುಗಿಯಿತು. ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು, ಸತ್ತವರ ಸುದ್ದಿ ಹೇಳುವ ದನಿಯಲ್ಲಿ ಹೇಳುವಳು: "ಅಯ್ಯೋ, ಎಲ್ಡು ಒಗೆತಕ್ಕೆ ಬಣ್ಣ ಬಿಡ್ತೈತೆ ಕಣವ್ವ. ಜರಿ ಕರ್ರಗಾಗ್ತೈತೆ. ಯಾರು ನಿಂಗೆ ಟೋಪಿ ಹಾಕಿದ್ದು?" ಬಣ್ಣ ಬಿಡುತ್ತಿತ್ತೋ ಇಲ್ಲವೋ ಶಿವನೇ ಬಲ್ಲ. ಚಳ್ಳಕೆರೆಯಿಂದ ಆ ಅಂಗಡಿಗೆ ಹೋಗುವ ಗಿರಾಕಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಆ ಸುದ್ದಿ ಬಂದ ದಿನ ಅತ್ತೆ ಎರಡು ಮುದ್ದೆ ಜಾಸ್ತಿ ಉಂಡಳು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಬೀದಿಗೆ ಕೇಬಲ್ ಬಂತು. ಹಿಂದೆಯೇ ಅತ್ತೆಯ ಕೋಣೆಗೆ ಬಣ್ಣದ ಟಿವಿ ಬಂತು. ಕುಚ್ಚಿನ ದುಡ್ಡು ಕೂಡಿಟ್ಟಿದ್ದಾಳೆ ಎಂದುಕೊಂಡೆವು. ಧಾರಾವಾಹಿ ನೋಡುತ್ತಾಳೆಂದು ನಾವು ಕಾದರೆ, ಅವಳು ಹಿಡಿದು ಕೂತದ್ದು ಅಮೆರಿಕದ ಕುಸ್ತಿಯನ್ನು. ಧಾರಾವಾಹಿ ಎಂದರೆ ಅವಳಿಗೆ ಮೈ ಉರಿ. "ಅಳ್ತಾವೆ, ಬರೀ ಅಳ್ತಾವೆ. ಎದ್ದು ಒಂದು ಬಾರಿಸಕ್ಕೇನು ರೋಗ?"

ಇಂಗ್ಲಿಷಿನ ಒಂದು ಅಕ್ಷರ ಬರುತ್ತಿರಲಿಲ್ಲ. ಆದರೆ ಯಾರಿಗೆ ಯಾರ ಮೇಲೆ ಹಗೆ, ಅದು ಯಾವಾಗ ಹುಟ್ಟಿತು, ಎಲ್ಲ ಅವಳಿಗೆ ಬಾಯಿಪಾಠ. ಪೈಲ್ವಾನರಿಗೆ ತಾನೇ ಹೆಸರಿಟ್ಟಿದ್ದಳು: ಗಡ್ಡದೋನು, ಹಳದಿ ಚಡ್ಡಿಯೋನು, ಬೋಳ. ಸಿಟ್ಟು ಬಂದರೆ ಮೊಳಕಾಲ್ಮೂರಿನ ತೆಲುಗು ಹೊರಡುತ್ತಿತ್ತು. "ಕೊಟ್ಟು ರಾ, ಕೊಟ್ಟು!" ಎಂದು ಟಿವಿಯ ಮುಂದೆ ಕೂಗುವಾಗ, ಏನು ಕೊಡು ಎನ್ನುತ್ತಿದ್ದಾಳೆ ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ತೆಲುಗಿನಲ್ಲಿ ಅದು ಹೊಡಿ ಎಂದು. ಆ ಹೊತ್ತಿಗೆ ಕಟ್ಟಿದ ಕುಚ್ಚುಗಳ ಗಂಟು ಎಷ್ಟು ಬಿಗಿಯಿರುತ್ತಿತ್ತೆಂದರೆ ಸೀರೆ ಹರಿದರೂ ಅವು ಬಿಚ್ಚುತ್ತಿರಲಿಲ್ಲ.

"ಅಕ್ಕಾ, ಅದೆಲ್ಲ ನಾಟಕ. ಮೊದ್ಲೇ ಮಾತಾಡ್ಕಂಡಿರ್ತಾರೆ" ಎಂದು ಅಪ್ಪ ಒಮ್ಮೆ ಹೇಳಿ ಸಿಕ್ಕಿಬಿದ್ದ.

"ನಾಟಕ ಅಂದ್ರೆ ಸುಳ್ಳೇನೋ? ನಮ್ಮ ಬಯಲಾಟದಾಗೆ ರಾಕ್ಷಸನ್ನ ಕೊಲ್ದೆ ಯಾವತ್ತಾದ್ರೂ ಮಂಗಳ ಹಾಡಿದ್ದುಂಟಾ? ಅಲ್ಲಾದ್ರೂ ನ್ಯಾಯ ಆಗ್ಲಿ ಬಿಡು. ಹೊರಗಂತೂ ಆಗ್ಲಿಲ್ಲ."

ಹೊಡೆಯುವವನಿಗಿಂತ ಅವಳಿಗೆ ಹೆಚ್ಚು ಸಿಟ್ಟಿದ್ದದ್ದು ರೆಫರಿಯ ಮೇಲೆ, ಆ ಕಪ್ಪು ಬಿಳಿ ಪಟ್ಟೆಯ ಅಂಗಿಯವನ ಮೇಲೆ. ಹಿಂದಿನಿಂದ ಕುರ್ಚಿ ಬೀಸುವ ಹೊತ್ತಿಗೇ ಅವನು ಇನ್ನೆಲ್ಲೋ ನೋಡುತ್ತಿರುತ್ತಾನೆ. "ನೋಡು, ನೋಡು, ಅತ್ಲಾಗೆ ತಿರುಗ್ದ! ಗೊತ್ತೈತೆ ಅವನಿಗೆ, ಎಲ್ಲಾ ಗೊತ್ತೈತೆ!" ಬರಬರುತ್ತ ಪಂಚಾಯ್ತಿ ಮಾಡುವ ಹಿರಿಯರಿಗೆಲ್ಲ ನಮ್ಮ ಮನೆಯಲ್ಲಿ ಪಟ್ಟೆ ಅಂಗಿಯವರು ಎಂದೇ ಹೆಸರಾಯಿತು.

ಪೈಲ್ವಾನರ ಹಗೆಗಳೆಲ್ಲ ಇತ್ಯರ್ಥವಾಗುವುದು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕುಸ್ತಿಯಲ್ಲಿ. ಅಮೆರಿಕದಲ್ಲಿ ಅದನ್ನು ಮನೆಯಲ್ಲಿ ಕೂತು ನೋಡಲೂ ಬೇರೆ ದುಡ್ಡು ಕಟ್ಟಬೇಕಂತೆ. ನಮ್ಮಲ್ಲಿ ಕೆಲವು ವಾರ ತಡವಾಗಿ ಪುಕ್ಕಟೆ ಬರುತ್ತಿತ್ತು. ಅತ್ತೆ ಅದನ್ನು ವರ್ಷದ ಕುಸ್ತಿ ಎನ್ನುತ್ತಿದ್ದಳು. ನನ್ನ ಮದುವೆಯ ಮಾತು ನಡೆದಿದ್ದ ಆ ವರ್ಷ ಗಡ್ಡದವನ ಸರದಿ. ಜೊತೆಗಾರನಾಗಿದ್ದ ಹಳದಿ ಚಡ್ಡಿಯವನೇ ಅವನ ಬೆನ್ನಿಗೆ ಕುರ್ಚಿಯಿಂದ ಹೊಡೆದು ತಿಂಗಳುಗಟ್ಟಲೆ ಆಗಿತ್ತು. "ಹಗೆ ಅನ್ನೋದು ಉಪ್ಪಿನಕಾಯಿ ಇದ್ದಂಗೆ, ಊರ್ಲಿ" ಎಂದು ಕಾದಿದ್ದಳು. ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹೂವು ಮುಡಿದು, ಹುರಿದ ಶೇಂಗಾ ಮಡಿಲಿಗೆ ಸುರಿದುಕೊಂಡು ಕೂತಳು.

ಗಡ್ಡದವನು ಇನ್ನೇನು ಅಖಾಡಕ್ಕೆ ಇಳಿಯಬೇಕು, ಬಾಗಿಲಲ್ಲಿ ಜೀಪು ನಿಂತಿತು. ಮೊಳಕಾಲ್ಮೂರಿನ ಹಿರಿಯರು. ಮುಂದಿದ್ದವರು ಅವತ್ತು ಪಂಚಾಯ್ತಿ ನಡೆಸಿದ ಯಜಮಾನರೇ.

"ನಿನ್ನ ಗಂಡ ಬೆಳಗಿನ ಜಾವ ತೀರ್ಕಂಡನವ್ವ. ನಡಿ, ಜೀಪು ತಂದೀವಿ."

ಅತ್ತೆ ಒಂದು ಶೇಂಗಾ ಸಿಪ್ಪೆ ಬಿಡಿಸಿದಳು. "ತೀರ್ಕಂಡ್ರೆ ಮಣ್ಣು ಮಾಡ್ರಿ. ನಾನ್ಯಾಕೆ?"

"ಹಿರೇ ಹೆಂಡ್ತಿ ನೀನು. ನಿನ್ನ ಬಳೆ ಒಡೆದ ಮೇಲೇ ಕಿರಿಯಾಕೆದು. ತಾಳಿ ಇಳಿಸ್ಬೇಕು, ಕುಂಕುಮ ಅಳಿಸ್ಬೇಕು. ಶಾಸ್ತ್ರ ಐತಲ್ಲ?"

"ಬಳೆ, ಕುಂಕುಮ ನಮ್ಮವ್ವ ಇಟ್ಟಿದ್ದು, ಹುಟ್ಟಿದಾಗಲೇ. ಅವನಪ್ಪಂದಲ್ಲ. ತಾಳಿ ಒಂದು ಅವಂದು. ಬೇಕಾದ್ರೆ ತಗಂಡು ಹೋಗ್ರಿ."

"ಎಲ್ಲೈತೆ?" ಯಜಮಾನರು ಅವಳ ಕತ್ತನ್ನು ನೋಡಿದರು. ಸೆರಗಿನೊಳಗಿದೆ ಎಂದೇ ನಾವೂ ಇಷ್ಟು ದಿನ ತಿಳಿದದ್ದು.

ಅತ್ತೆ ಟಿವಿಯತ್ತ ಗದ್ದ ತೋರಿಸಿದಳು. "ಅಗಾ, ನಿಮ್ಮೆದುರಿಗೇ ಐತಲ್ಲ. ಓಡ್ತಾ ಐತೆ ನೋಡ್ರಿ."

ಅರ್ಥವಾಗಲು ನಮಗೆಲ್ಲ ಸ್ವಲ್ಪ ಹೊತ್ತು ಹಿಡಿಯಿತು. ಅಪ್ಪ ಟಿವಿಯನ್ನೂ ಅವಳ ಕತ್ತನ್ನೂ ಒಂದಾದ ಮೇಲೊಂದು ನೋಡಿದ. ತಾಳಿ ಮಾರಿ ಟಿವಿ ತಂದಿದ್ದಳು ಮಹಾತಾಯಿ!

ಯಜಮಾನರ ಮುಖ ಕಪ್ಪಿಟ್ಟಿತು. ಇಂಥವರ ಕೈಯಲ್ಲಿ ಯಾವಾಗಲೂ ಇನ್ನೊಂದು ಹಗ್ಗ ಇರುತ್ತದೆ. "ನಿನ್ನ ತಮ್ಮನ ಮಗಳ್ನ ನಮ್ಮ ಪೈಕಿಗೇ ಕೊಡ್ತಾ ಇದ್ದೀರಿ. ಮಾತುಕತೆ ಆಗೈತೆ. ನೀನು ಜೀಪು ಹತ್ಲಿಲ್ಲ ಅಂದ್ರೆ ಆ ಮದುವೆ ಮುರೀತು ಅಂತ ತಿಳ್ಕ."

ತಮ್ಮನ ಮಗಳೆಂದರೆ ನಾನು. ಅಪ್ಪ ಕೈಮುಗಿದು ನಿಂತೇ ಇದ್ದ. ಅತ್ತೆ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ನನ್ನ ಮುಂದೆ ಬಂದು ನಿಂತಳು.

"ಏನೇ? ನಿನ್ನ ಬಾಳಿನ ಮಾತು. ನೀನು ಹೂಂ ಅಂದ್ರೆ ಈಗ್ಲೇ ಹತ್ತುತೀನಿ. ನಿನ್ನ ಮೇಲಾಣೆ."

ಹತ್ತುತ್ತಿದ್ದಳು. ಅಷ್ಟು ವರ್ಷ ಊರಿಸಿದ ಹಗೆಯನ್ನು ನನಗೋಸ್ಕರ ತಿಪ್ಪೆಗೆ ಚೆಲ್ಲಿ, ಆ ಮನೆಯ ಅಂಗಳದಲ್ಲಿ ಬಳೆ ಒಡೆಸಿಕೊಂಡು ಬರುತ್ತಿದ್ದಳು. ನನಗೆ ಆ ಹುಡುಗ ಇಷ್ಟವಾಗಿದ್ದ. ಗುಂಗುರು ಕೂದಲು, ನಕ್ಕರೆ ಚೆನ್ನಾಗಿ ಕಾಣುತ್ತಿದ್ದ. ಆದರೆ ಆ ಸೀಳು ಕಿವಿ ನನ್ನ ಕಣ್ಣೆದುರಿಗೇ ಇತ್ತು, ಮತ್ತು ಆ ಯಜಮಾನ ಆಗಲೂ ಅದನ್ನು ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಬೇಡತ್ತೆ, ಕೂತ್ಕ. ಕುಸ್ತಿ ಮುಗಿದೋಗ್ತೈತೆ."

ಅತ್ತೆ ಯಜಮಾನರ ಕಡೆ ತಿರುಗಿದಳು. "ಕೇಳಿಸ್ತಾ? ಅವತ್ತು ನೀವು ಅತ್ಲಾಗೆ ತಿರುಗಿದ್ರಿ. ಇವತ್ತು ನಾನು ತಿರುಗೀನಿ. ಹೋಗ್ರಿ." ಹೇಳಿ, ಅವರಿಗೆ ಬೆನ್ನು ಮಾಡಿ ಟಿವಿಯ ಮುಂದೆ ಕೂತಳು.

ಜೀಪು ಹೋಗುವಷ್ಟರಲ್ಲಿ ಗಡ್ಡದವನ ಕುಸ್ತಿ ಮುಗಿದುಹೋಗಿತ್ತು. "ಏನಾಯ್ತೇ?" ಎಂದಳು. ನಾನೂ ನೋಡಿರಲಿಲ್ಲ. "ಗೆದ್ದ" ಎಂದೆ. "ಗೊತ್ತಿತ್ತು ಬಿಡು" ಎಂದಳು. ಮಾರನೆಯ ದಿನ ಹೋಳಿಗೆ ಮಾಡಿಸಿದಳು. ಅಪ್ಪ ಮುಟ್ಟಲಿಲ್ಲ. ನಾನು ತುಪ್ಪ ಹಾಕಿಕೊಂಡು ತಿಂದೆ.

ಮದುವೆ ಮುರಿಯಿತು. ನಾಲ್ಕು ರಾತ್ರಿ ನಾನು ಅತ್ತದ್ದುಂಟು, ಸುಳ್ಳೇಕೆ ಹೇಳಲಿ. ಮುಂದೆ ಹಿರಿಯೂರಿನ ಕಡೆ ಸಂಬಂಧ ಕೂಡಿಬಂತು. ಹೆಂಡತಿಯ ಮೇಲೆ ಕೈ ಎತ್ತಿದವನೊಂದಿಗೆ ನೀರೂ ಕುಡಿಯಬಾರದು ಎನ್ನುವ ಮನುಷ್ಯ ಸಿಕ್ಕಿದ. ಆ ಗುಂಗುರು ಕೂದಲಿನವನು ಈಗ ಪೂರಾ ಬೋಳ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ನಾನೇ ಕರೆದು ಮಾತಾಡಿಸಿ, ತಲೆಯನ್ನು ಸಾವಕಾಶವಾಗಿ ನೋಡಿ ಬರುತ್ತೇನೆ.

ಅತ್ತೆ ತೀರಿಕೊಂಡದ್ದು ನನ್ನ ಮದುವೆಯಾಗಿ ಕೆಲವು ವರ್ಷಗಳ ಮೇಲೆ. ಕೊನೆಯವರೆಗೂ ಹಣೆಯ ಕುಂಕುಮ ಕಾಸಿನಗಲ. ಹೆಂಗಸರೆಲ್ಲ ಸೇರಿ ಮೀಯಿಸಿದೆವು. ಅವಳಿಗೆ ಏರಿಸಲೆಂದು ನಾನು ನಾಲ್ಕು ಡಜನ್ ಹಸಿರು ಬಳೆಯ ಕಟ್ಟು ಬಿಚ್ಚಿದೆ. ಮೊಳಕಾಲ್ಮೂರಿನಿಂದ ಯಜಮಾನರ ಮಗ ಬಂದಿದ್ದ, ತನ್ನಪ್ಪನ ಹಾಗೆಯೇ ದೊಡ್ಡ ಮನುಷ್ಯ. ನಡುಮನೆಯ ಬಾಗಿಲಲ್ಲಿ ನಿಂತು, "ಗಂಡ ಸತ್ತೋಳಿಗೆ ಹಸಿರು ಬಳೆ ಹಾಕಿದ್ರೆ ನಾವು ಯಾರೂ ಹೆಗಲು ಕೊಡಲ್ಲ" ಎಂದ. ಹೆಂಗಸರು ಹಿಂದೆ ಸರಿದರು.

ಅಪ್ಪ ಜಗಲಿಯ ಮೇಲೆ ಕೂತಿದ್ದ. ಆ ಹೊತ್ತಿಗೆ ಕಣ್ಣು ಮಂದ, ಊರುಗೋಲು ಬೇಕು. ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಊರುಗೋಲು ಊರಿಕೊಂಡು ಒಳಗೆ ಬಂದು ಆ ಮನುಷ್ಯನಿಗೂ ನನಗೂ ನಡುವೆ ನಿಂತ.

"ನಮ್ಮಕ್ಕನ ಬಳೆ ಮುಟ್ಟಿದೋನ ಕೈ ಮುರೀತೀನಿ ಲೇ. ನಡಿ ಹೊರಕ್ಕೆ."

ಕೋಲು ಎತ್ತಿ ಬಾಗಿಲು ತೋರಿಸಿದ. ಅವನು ಹೋದ. ಜೊತೆಗೆ ಇನ್ನೂ ಕೆಲವರು ಹೋದರು, ಹೋಗಲಿ. ಅತ್ತೆಯ ಕೈ ಆಗಲೇ ಬಿಗಿದಿತ್ತು. ಸೋಪಿನ ನೊರೆ ಹಚ್ಚಿ, ಬೆರಳು ಒಂದೊಂದಾಗಿ ಮಡಿಸಿ, ಎರಡೂ ಕೈಗೆ ಮೊಣಕೈವರೆಗೆ ಬಳೆ ಏರಿಸಿದೆ. ಒಂದೂ ಒಡೆಯದಂತೆ ಮಣ್ಣಿಗಿಟ್ಟೆವು.