ಒಮ್ಮೆ ಕೇಳಿ ಸುಮ್ಮನಾದ ಮುದುಕ

ನನಗೆ ಕೆಲಸ ಕೊಡಬೇಕಾದವರು ಮೊದಲ ದಿನವೇ ನನ್ನ ಮೇಲೆ ಅನುಮಾನಪಟ್ಟರು. ಅವರ ತಪ್ಪೇನಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಗುಂಪು ಕಂಪ್ಯೂಟರಿನಲ್ಲಿ ಆಡುವ ದೊಡ್ಡ ಆಟವೊಂದನ್ನು ಕನ್ನಡದಲ್ಲಿ ಕಟ್ಟುತ್ತಿದೆ, ಅದರೊಳಗಿನ ಮಂದಿಗೆ ಮಾತು ಬರೆಯುವವರು ಬೇಕಾಗಿದ್ದಾರೆ ಎಂದು ತಿಳಿದು ಫೋನ್ ಮಾಡಿದ್ದೆ. ಗುಂಪು ನಡೆಸುವ ಮೇಡಂ ಮೈಸೂರು ಕಡೆಯವರು. "ನಿಮಗೆ ಏನು ಬರುತ್ತೆ?" ಎಂದು ಕೇಳಿದರು. ನಾನು ಅವರದೇ ದನಿ, ಅವರದೇ ರಾಗ ಹಿಡಿದು, "ನಿಮಗೆ ಏನು ಬರುತ್ತೆ?" ಎಂದೆ. ನಮ್ಮ ಶಿಗ್ಗಾವಿಯಲ್ಲಿ ಇಂಥದ್ದಕ್ಕೆ ಜನ ನಗುತ್ತಾರೆ, ಇಲ್ಲವೆ ಹೊಡೆಯಲು ಬರುತ್ತಾರೆ. ಮೇಡಂ ಎರಡೂ ಮಾಡಲಿಲ್ಲ. "ಈಗ ಮಾತಾಡಿದ್ದು ನೀವೇನಾ?" ಎಂದು ಕೇಳಿ, ಆಮೇಲೆ "ಸರಿ, ಒಂದು ಪರೀಕ್ಷೆ ಕೊಡ್ತೀನಿ" ಎಂದರು.

ಇಂಥ ಆಟ ಆಡದವರಿಗೆ ಎರಡು ಮಾತು ಹೇಳಬೇಕು. ಒಂದು ದೊಡ್ಡ ರಾಜ್ಯವಿರುತ್ತದೆ, ಅದರಲ್ಲಿ ನಾವು ಒಬ್ಬ ವೀರ. ರಾಕ್ಷಸ ರಾಜಧಾನಿ ಸುಡಲು ಬರುತ್ತಿದ್ದಾನೆ, ಅವನನ್ನು ಕೊಲ್ಲಬೇಕು. ಅದು ಮುಖ್ಯ ಕತೆ. ಆದರೆ ರಾಜ್ಯಕ್ಕೆ ಬೇಲಿ ಇಲ್ಲ, ಎತ್ತ ಬೇಕಾದರೂ ಅಡ್ಡಾಡಬಹುದು. ದಾರಿಯಲ್ಲಿ ಒಬ್ಬಳು ಆಕಳು ಕಳೆದಿದೆ, ಹುಡುಕಿಕೊಡು ಎನ್ನುತ್ತಾಳೆ. ಮತ್ತೊಬ್ಬ ಇಸ್ಪೀಟಿಗೆ ಕರೆಯುತ್ತಾನೆ. ಬೇಕಿದ್ದರೆ ಮಾಡಬಹುದು, ಬೇಡವಾದರೆ ಬಿಟ್ಟು ಹೋಗಬಹುದು. ಆಡುವ ಹುಡುಗರು ಇದಕ್ಕೆ ಸೈಡ್ ಕ್ವೆಸ್ಟ್ ಎನ್ನುತ್ತಾರೆ. ವೀರ ಇಸ್ಪೀಟು ಮುಗಿಸುವವರೆಗೆ ಆ ರಾಕ್ಷಸ, ಪಾಪ, ಪಂಜು ಹಿಡಿದು ಊರ ಬಾಗಿಲಲ್ಲೇ ಕಾಯುತ್ತ ನಿಂತಿರುತ್ತಾನೆ. ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನ್ನ ಮುಖ್ಯ ಕತೆ ಬಿ.ಎ. ಮುಗಿಸುವುದಾಗಿತ್ತು. ನಡುವೆ ಕಂಡಕಂಡವರ ಮದುವೆಯಲ್ಲಿ ಮೈಕು ಹಿಡಿದು ಬೀಗರ ದನಿ ತೆಗೆಯುತ್ತ ಹೋದದ್ದರಿಂದ ಐದು ವರ್ಷ ಹಿಡಿಯಿತು.

ಮೇಡಂ ಕೊಟ್ಟ ಪರೀಕ್ಷೆ ಇಷ್ಟು. ಒಂದು ಸೈಡ್ ಕ್ವೆಸ್ಟ್ ಬರೆಯಬೇಕು. ಅದರೊಳಗೆ ನಮ್ಮ ಕಡೆಯ ಒಂದು ಆಟ ಇರಬೇಕು. ಕಂಪ್ಯೂಟರ್ ಆಟ ಎಂದೂ ಆಡದ ಮೂವರಿಂದ ಅದನ್ನು ಆಡಿಸಬೇಕು. ಅವರಿಗೆ ಒಂದಕ್ಷರ ಹೇಳಿಕೊಡಬಾರದು. ಪರದೆಯ ಮೇಲೆ ಆದದ್ದು, ಅವರು ಆಡಿದ ಮಾತು, ಎರಡೂ ರೆಕಾರ್ಡ್ ಆಗಬೇಕು. ಹದಿನೈದು ದಿನದೊಳಗೆ ಎಷ್ಟು ಸಲ ಬೇಕಾದರೂ ತಿದ್ದಿ ಬರೆಯಬಹುದು, ಆದರೆ ಮೂವರಲ್ಲಿ ಇಬ್ಬರಾದರೂ ಕೊನೆ ಮುಟ್ಟಬೇಕು. ಮುಟ್ಟಿದರೆ ಕೆಲಸ. ಮುಟ್ಟದಿದ್ದರೆ ಏನು ಎಂಬುದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಹಿರೇಕೆರೂರಿನಲ್ಲಿ ಅಕ್ಕನ ಗಂಡನ ಬೀಜದ ಅಂಗಡಿ ಇದೆ. ಭಾವ ನನಗೋಸ್ಕರ ಒಂದು ಹೊಸ ಕುರ್ಚಿ ತಂದು, ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಇಟ್ಟಿದ್ದ.

ನಾನು ಒಬ್ಬ ಮುದುಕನನ್ನು ಬರೆದೆ. ಕೆರೆಯ ತೂಬು ಕಾಯುವವನು. ತೂಬಿಗೆ ಬೀಗ ಹಾಕಿ ಕುಳಿತಿದ್ದಾನೆ, ಕೆಳಗಿನ ಊರಿಗೆ ನೀರಿಲ್ಲ. ಹುಲಿ-ಕುರಿ ಆಟದಲ್ಲಿ ತನ್ನನ್ನು ಗೆದ್ದರೆ ನೀರು ಬಿಡುತ್ತಾನೆ, ಮೇಲೆ ಒಂದು ಬಹುಮಾನವನ್ನೂ ಕೊಡುತ್ತಾನೆ. ನಮ್ಮ ಕಡೆ ಗುಡಿಯ ಹಾಸುಗಲ್ಲಿನ ಮೇಲೆ ಗೆರೆ ಕೊರೆದು, ಹರಳು ಇಟ್ಟು ಆಡುವ ಆಟ ಅದು. ಹುಲಿ ಹಾರಿ ಕುರಿ ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ನಿಲ್ಲಿಸಬೇಕು. ಮುದುಕನ ಮಾತಿನ ಧಾಟಿಯನ್ನು ಸವಣೂರಿನ ನಮ್ಮ ಕನ್ನಡ ಮಾಸ್ತರರಿಂದ ಕದ್ದೆ. ಅವರು ಎರಡು ಮಾತಿಗೊಮ್ಮೆ "ಅಂದಮ್ಯಾಲೆ" ಎನ್ನುತ್ತಾರೆ.

ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹಾನಗಲ್ಲಿನಲ್ಲಿ ಬಸ್ ಬದಲಿಸಿ ಮೊದಲು ತಿಳವಳ್ಳಿಗೆ ಹೋದೆ. ಅಲ್ಲಿರುವವನು ನನ್ನ ಸೋದರಮಾವ. ಗೋವಿನಜೋಳ ಬೆಳೆಯುತ್ತಾನೆ. ಹುಲಿ-ಕುರಿಯಲ್ಲಿ ಅವನನ್ನು ಸೋಲಿಸಿದವರು ಆ ಊರಲ್ಲಿಲ್ಲ.

"ನಿನ್ನ ಮುದುಕ ಹುಲಿ ಹಿಡೀತಾನೋ ಕುರಿ ಹಿಡೀತಾನೋ? ಮೊದಲ ಅದನ್ನ ಹೇಳು ಅಳಿಯಾ."

"ನಾ ಏನೂ ಹೇಳೂವಂಗಿಲ್ಲ ಮಾವ. ರೆಕಾರ್ಡ್ ಆಗಾಕತ್ತೈತಿ."

ಮಾವ ತಕ್ಷಣ ಬೆನ್ನು ನೆಟ್ಟಗೆ ಮಾಡಿ ಅಂಗಿಯ ಗುಂಡಿ ಹಾಕಿಕೊಂಡ. "ಯಾರ ಕೇಳಾಕತ್ತಾರ? ಹೊಲದ ಸುದ್ದಿ ಏನೂ ಕೇಳೂದಿಲ್ಲಲ್ಲ?"

ಪರದೆಯ ಮೇಲೆ ಮುದುಕ ಕೈಮುಗಿದ. "ಬರ್ರಿ, ಕುಂಡ್ರಿ. ಅಂದಮ್ಯಾಲೆ ಒಂದು ಆಟ ಆಡೂಣೇನು?" ಎಂಬ ಮಾತು ಮೂಡಿತು. ಅದರ ಕೆಳಗೆ ಎರಡು ಗುಂಡಿ, ಆತು ಮತ್ತು ಬ್ಯಾಡ. ಮಾವ ನಗುತ್ತ "ಬ್ಯಾಡ" ಒತ್ತಿದ. ಮುದುಕ "ಹಂಗಾದ್ರ ಹೋಗಿ ಬರ್ರಿ" ಎಂದು ಕೆರೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟ. ಮಾವ ಅದೇ ನಗು ಹಿಡಿದುಕೊಂಡು ಕಾದ. ಮತ್ತೂ ಕಾದ. ನಗು ಆರಿತು.

"ಮುಂದ?"

ನಾನು ರೆಕಾರ್ಡ್ ಆಗುತ್ತಿದ್ದ ಕೆಂಪು ಚುಕ್ಕೆಯ ಕಡೆ ಬೆರಳು ತೋರಿಸಿದೆ.

"ಅಲ್ಲೋ, ಮಾರಿ ತಿರುವಿ ನಿಂತ್ನಲ್ಲೋ ಅಂವಾ! ಏನ್ ಮಂದೀನೋ ನಿಮ್ಮ ಕಂಪ್ಯೂಟರ್ ಮಂದಿ!"

ಬಸ್ಸಿನಲ್ಲಿ ತಿರುಗಿ ಬರುವಾಗಲೇ, ಮಾವ ಹಳೆಯ ಸಿಟ್ಟಿಗೆ ಬೇಕೆಂದೇ "ಬ್ಯಾಡ" ಒತ್ತಿದನೇ ಎಂದು ನನ್ನೊಳಗೆ ಅನುಮಾನ ಹುಟ್ಟಿತು. ಮಾವನ ಮಗಳ ಮದುವೆ ನಿಶ್ಚಯದಲ್ಲಿ ನಾನು ಅವನ ಕೆಮ್ಮನ್ನೂ, ಮಾತಿಗೆ ಮೊದಲು ಟೊಪ್ಪಿಗೆ ಸರಿಮಾಡಿಕೊಳ್ಳುವುದನ್ನೂ ಮಾಡಿ ತೋರಿಸಿದ್ದೆ. ಅಂದು ಎಲ್ಲರಿಗಿಂತ ಹೆಚ್ಚು ನಕ್ಕವನು ಅವನೇ. ಅಷ್ಟು ನಗುವ ಅಗತ್ಯವೇನಿತ್ತು?

ಹಿರೇಕೆರೂರಿನಲ್ಲಿ ಭಾವ ಗಿರಾಕಿಯ ಜೊತೆ ಮಾತಾಡುತ್ತಲೇ, ಪರದೆಯನ್ನು ಸರಿಯಾಗಿ ನೋಡದೆ "ಬ್ಯಾಡ" ಒತ್ತಿದ. "ಆತಲ್ಲ? ಸೋಮವಾರದಿಂದ ಬಂದ್ಬಿಡು" ಎಂದ. ಇವನಿಗೆ ನಾನು ಸೋತರೆ ಲಾಭ. ಆದ್ದರಿಂದ ಇವನ ಮೇಲಿನ ಅನುಮಾನಕ್ಕೆ ಸಾಕ್ಷಿ ಬೇಕಾಗಿರಲಿಲ್ಲ, ಕುರ್ಚಿಯೇ ಎದುರಿಗಿತ್ತು.

ಮೂರನೆಯವರು ಮಾಸ್ತರು. ಪರದೆಗೆ ಮೂಗು ತಾಗಿಸಿ ಮುದುಕನ ಮಾತನ್ನು ಗಟ್ಟಿಯಾಗಿ ಓದಿದರು. ತಮ್ಮ ಮಾತು ತಾವೇ ಓದುತ್ತಿರುವುದು ಗೊತ್ತಾದೀತೆಂದು ನನಗೆ ಅಂಜಿಕೆ. ಓದಿ ಮುಗಿಸಿ, "ನಿನ್ನ ಸಾಲಿಗೆ ಹಚ್ಚಲಿಕ್ಕೆ ಬಂದಿದ್ನಲ್ಲ ನಿಮ್ಮ ತಿಳವಳ್ಳಿ ಮಾವ, ಇಂವಾ ಥೇಟ್ ಅವನ್ಹಂಗ ಮಾತಾಡ್ತಾನಲ್ಲೋ" ಎಂದರು. ಆಮೇಲೆ "ಬ್ಯಾಡ" ಒತ್ತಿದರು.

ಮೂರಕ್ಕೆ ಮೂರು. ಇದು ಹೂಟವೇ ಎಂದು ಖಾತ್ರಿಯಾಯಿತು. ಈ ಮೂವರೂ ಒಟ್ಟಿಗೆ ಎಂದೂ ಕುಳಿತವರಲ್ಲ ಎಂಬುದು ನನ್ನ ಅನುಮಾನಕ್ಕೆ ಸ್ವಲ್ಪವೂ ಅಡ್ಡಬರಲಿಲ್ಲ.

"ಸರ್, ಖರೇ ಹೇಳ್ರಿ. ನನ್ನ ಮ್ಯಾಲೆ ಸಿಟ್ಟೈತಿ ಹೌದಲ್ರಿ?"

"ಯಾತಕ್ಕಪಾ?"

"ಸಾಲ್ಯಾಗ ನಿಮ್ಮ ದನಿ ತಗೀತಿದ್ನೆಲ್ರಿ, ಅದಕ್ಕ."

"ಹೌದೇನು? ಯಾವಾಗ?" ಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರಿಗೆ ಗೊತ್ತೇ ಇರಲಿಲ್ಲ. ಹತ್ತು ವರ್ಷ ಯಾರೂ ಹೇಳದ ಚಾಡಿಯನ್ನು ನನ್ನ ಮೇಲೆ ನಾನೇ ಹೇಳಿಕೊಂಡಿದ್ದೆ.

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ, "ಅವಲಕ್ಕಿ ಹಚ್ಚೇನಿ, ತಿಂತೀಯೇನೋ?" ಎಂದರು.

"ಬ್ಯಾಡ್ರಿ ಕಾಕೂ."

"ಒಂದೀಟ ತಿನ್ನೋ, ಬಿಸಲಾಗ ಬಂದೀ."

"ಏ ಬ್ಯಾಡ್ರಿ, ಹೊಟ್ಟಿ ತುಂಬೇತ್ರಿ."

ತಾಟು ಬಂತು. ನಾನು ಬಾಯಿ ತುಂಬ ಹಾಕಿಕೊಂಡು ಜಗಿಯುತ್ತಿದ್ದಾಗ ಮಾಸ್ತರು ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದರು. "ಇಕಿ ನಿನ್ನ ಎಷ್ಟ ಸಲ ಕೇಳಿದ್ಲು? ಆ ಮುದುಕ ಎಷ್ಟ ಸಲ ಕೇಳ್ದಾ? ಕರೀಬೇಕು ಅನ್ನೂ ಮನಸ್ಸಿದ್ದಂವಾ ಒಮ್ಮೆ ಕರದು ಸುಮ್ಮನಾಗ್ತಾನೇನೋ? ಅಂದಮ್ಯಾಲೆ ಅಂವಗ ಆಡೂ ಮನಸ್ಸಽ ಇಲ್ಲ. ಬಾಯಿಮಾತಿಗೆ ಕೇಳ್ಯಾನ. ಅಂಥಾವನ ಕಡೆ ನಾ ಯಾಕ ಕೂಡ್ಲಿ?"

ನಾನು ತಾಟು ಕೆಳಗಿಟ್ಟೆ. ಹುಟ್ಟಿದಾಗಿನಿಂದ ಒಂದು ಕಪ್ ಚಹಾವನ್ನೂ ಮೊದಲ ಮಾತಿಗೆ ಒಪ್ಪಿಕೊಳ್ಳದ ನಾನು, ಮೊದಲ ಮಾತಿಗೇ ಬೆನ್ನು ತಿರುಗಿಸುವ ಮುದುಕನನ್ನು ಬರೆದಿದ್ದೆ. ಅದನ್ನು ಗಾಂಭೀರ್ಯ ಎಂದುಕೊಂಡಿದ್ದೆ. ಊರವರ ಕೆಮ್ಮು, ಸೀನು, ರಾಗ ಎಲ್ಲ ಕದ್ದವನಿಗೆ ಅವರು "ಬ್ಯಾಡ" ಎನ್ನುವುದು ಯಾಕೆ ಎಂಬುದೇ ಕೇಳಿಸಿರಲಿಲ್ಲ.

ಮರುದಿನವೇ ಮುದುಕ ಮೂರು ಸಲ ಕೇಳುವಂತೆ ತಿದ್ದಿ ತಿಳವಳ್ಳಿಗೆ ಒಯ್ದೆ. ಮಾವ ಎರಡು ಸಲ "ಬ್ಯಾಡ" ಒತ್ತಿದ. ಮೂರನೆಯ ಸಲ ಮುದುಕ "ನಮ್ಮಾಣೆ, ಆಡಾಕಽ ಬೇಕು" ಎಂದಾಗ ಮಾವ ಕೈ ಹಿಂದೆಗೆದ. "ಇಷ್ಟ ಬಡಕೊಳ್ಳಾಕತ್ತಾನಂದ್ರ ಏನೋ ಐತಿ ಇದರಾಗ. ಒಲ್ಲೆಪಾ." ಒಮ್ಮೆ ಕೇಳಿದರೆ ಮನಸ್ಸಿಲ್ಲ, ಮೂರು ಸಲ ಕೇಳಿದರೆ ಮೋಸ. ಅಲ್ಲೇ ಕಟ್ಟೆಯ ಮೇಲೆ ಕುಳಿತು, ಆಣೆ ಕಿತ್ತು, ಎರಡೇ ಸಲಕ್ಕೆ ಇಳಿಸಿದೆ. ಈಗ ಮಾವ ಚಕ್ಕಳಮಕ್ಕಳ ಹಾಕಿ ಕುಳಿತ. ಮುದುಕನ ಹುಲಿಗಳನ್ನು ಒಂದೊಂದಾಗಿ ಮೂಲೆಗೆ ನೂಕಿ, ಹಾಸ್ಯ ಮಾಡಿ, ಬೈದು, ಗೆದ್ದ. ತೂಬು ತೆರೆಯಿತು. ಮುದುಕ ಬಹುಮಾನ ತಗೋರಿ ಎಂದಾಗ ಮಾವ ಎರಡನೆಯ ಮಾತಿಗೂ ಕಾಯಲಿಲ್ಲ. "ಗೆದ್ದದ್ದು, ಬಿಡೂದ್ಯಾಕ?" ಎಂದು "ಆತು" ಒತ್ತಿದ. ಆ ರೆಕಾರ್ಡಿಂಗನ್ನು ಅಂದೇ ಮೇಡಂಗೆ ಕಳಿಸಿದೆ.

ಭಾವ ಮಾತ್ರ ಎರಡನೆಯ ಸಲ ಲ್ಯಾಪ್‌ಟಾಪ್ ತೆರೆಯಲೂ ಬಿಡಲಿಲ್ಲ. "ನೀ ಬರದದ್ದು ಅಂದ್ರ ಕಡೀಕ ನನ್ನಽ ಅಣಕಿಸಿರ್ತಿ. ಗೊತ್ತಿಲ್ಲೇನು ನನಗ?" ಎಂದ. ಅವನ ಅಣಕ ಅದರಲ್ಲಿ ಇರಲಿಲ್ಲ, ಆದರೆ ಇರಲಿಲ್ಲ ಎಂದು ನಾನು ಹೇಳಿದರೆ ನಂಬುವವರಾರು?

ಹಾಗಾಗಿ ಎಲ್ಲ ಮಾಸ್ತರರ ಮೇಲೆ ನಿಂತಿತು. ಹದಿನಾಲ್ಕನೆಯ ದಿನ ಅವರ ಪಡಸಾಲೆಯಲ್ಲಿ ಕುಳಿತೆ. ಮುದುಕನ ಎರಡನೆಯ ಕರೆಗೆ ಅವರು ಓಗೊಟ್ಟರು. ಒಂದೊಂದು ಹರಳಿಗೂ ಹತ್ತು ನಿಮಿಷ ಯೋಚಿಸಿದರು. ನಡುವೆ, "ಇಂವಾ ಬೇಕಂತಽ ಸೋಲ್ಲಿಕ್ಕತ್ತಾನೋ ಏನೋ" ಎಂದು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕಡೆಗೆ ಮೂರೂ ಹುಲಿ ನಿಂತವು, ತೂಬು ತೆರೆಯಿತು, ಕೆಳಗಿನ ಊರಿಗೆ ನೀರು ಹರಿಯಿತು. ಮುದುಕ, "ಅಂದಮ್ಯಾಲೆ ನಿಮ್ಮ ಬಹುಮಾನ ತಗೋರಿ" ಎಂದ.

ಮಾಸ್ತರು "ಬ್ಯಾಡ" ಒತ್ತಿದರು.

ಆಟಕ್ಕೆ ಕರೆಯುವಾಗ ಎರಡು ಸಲ ಕೇಳುವಂತೆ ತಿದ್ದಿದವನು ಬಹುಮಾನದ ಜಾಗವನ್ನು ಮರೆತಿದ್ದೆ. ಮುದುಕ "ಹಂಗಾದ್ರ ಹೋಗಿ ಬರ್ರಿ" ಎಂದು ತಿರುಗಿಕೊಂಡ. ಬಹುಮಾನ ಪಡೆಯದೆ ಕ್ವೆಸ್ಟ್ ಮುಗಿದಂತಲ್ಲ.

"ನೀರು ಬಿಡಿಸಿದ್ದಕ್ಕ ಏನ ತಗೊಳ್ಳೂದು?" ಎಂದು ಮಾಸ್ತರು ಎದ್ದು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದರು.

ಪಡಸಾಲೆಯಲ್ಲಿ ನಾನೊಬ್ಬನೇ. ಇಷ್ಟು ಹೊತ್ತು ಆಡಿದವರನ್ನು ಇನ್ನೊಮ್ಮೆ ಕೂಡಿಸುವ ಧೈರ್ಯ ನನಗಿರಲಿಲ್ಲ. ಆಟವನ್ನು ಸ್ವಲ್ಪ ಹಿಂದಿನಿಂದ ಶುರುಮಾಡಿ, ಅವರ ದನಿಯಲ್ಲಿ ಒಂದು "ಅಂದಮ್ಯಾಲೆ ತಗೋತೇನಪಾ" ಎಂದು "ಆತು" ಒತ್ತಿದ್ದರೆ ಮುಗಿಯುತ್ತಿತ್ತು. ದನಿ ನಾಲಗೆಯ ತುದಿಯಲ್ಲೇ ಇತ್ತು. ಹಿತ್ತಿಲಿನಿಂದ ಅವರು ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ರೆಕಾರ್ಡಿಂಗ್ ನಿಲ್ಲಿಸಿದೆ. "ಮುಗಿಯಲಿಲ್ಲ" ಎಂದು ಬರೆದು, ಇದ್ದದ್ದನ್ನು ಇದ್ದಂತೆಯೇ ಕಳಿಸಿದೆ.

ಮೇಡಂ ಮರುದಿನ ಬೆಳಿಗ್ಗೆ ಫೋನ್ ಮಾಡಿದರು. "ಒಂದು ಕೇಳ್ತೀನಿ, ಸುಳ್ಳು ಹೇಳಬೇಡಿ. ತಿಳವಳ್ಳಿ ಮಾವ ಅಂತ ಕಳಿಸಿದ್ರಲ್ಲ, ಅದು ನಿಮ್ಮದೇ ದನಿ ಅಂದ್ಕೊಂಡಿದ್ದೆ. ಹೌದಾ?"

"ಅಯ್ಯೋ ಮೇಡಂ, ಖರೇನ ಮಾವ ಅದಾನ್ರಿ!"

"ಅದನ್ನೂ ಅದೇ ದನೀಲಿ ಹೇಳ್ತಿದ್ದೀರಲ್ಲ! ಪಟ್ಟಿಯಿಂದ ನಿಮ್ಮ ಹೆಸರು ತೆಗೆದುಬಿಟ್ಟಿದ್ದೆ. ಆಮೇಲೆ ನಿನ್ನೇದು ಬಂತು. ನೀವೇ ಆಡಿದ್ರೆ ಮುಗಿಸದೆ ಬಿಡ್ತಿದ್ರಾ? ಇವತ್ತು ಕೊನೇ ದಿನ. ಆ ಜಾಗ ಸರಿಮಾಡಿ, ಆ ಮೇಷ್ಟ್ರೇ ಇನ್ನೊಮ್ಮೆ ಆಡಲಿ. ಈ ಸಲ ವಿಡಿಯೋ ಕಾಲ್. ಅವರ ಮುಖ ಕಾಣಬೇಕು, ನಿಮ್ಮ ಬಾಯಿಯೂ ಕಾಣಬೇಕು" ಎಂದರು.

ಮಾಸ್ತರು ಸುಲಭಕ್ಕೆ ಒಪ್ಪಲಿಲ್ಲ. "ಮುಖ ಯಾಕ ಬೇಕಂತ? ಎಲ್ಲೆ ಹಾಕ್ತಾರ ಅದನ್ನ?" ಎಂದರು. "ಬ್ಯಾಡ" ಎಂದರು. ಈಗ ನನಗೆ ಬುದ್ಧಿ ಬಂದಿತ್ತು, ಇನ್ನೊಮ್ಮೆ ಕೇಳಿದೆ. ಹೆಗಲ ಮೇಲಿನ ಶಲ್ಯ ಬದಲಿಸಿಕೊಂಡು ಬಂದು ಕುಳಿತರು. ಫೋನಿನೊಳಗಿಂದ ಮೇಡಂ ನಮಸ್ಕಾರ ಎಂದಾಗ ಇವರು ಫೋನಿನ ಹಿಂದೆ ಏನಿದೆ ಎಂದು ಒಮ್ಮೆ ತಿರುಗಿಸಿ ನೋಡಿದರು. ನಾನು ಬಾಯಿ ಮುಚ್ಚಿ, ಮೇಡಂಗೆ ಕಾಣುವಂತೆ ತುಟಿ ಒತ್ತಿ ಹಿಡಿದು ಪಕ್ಕದಲ್ಲಿ ಕುಳಿತೆ.

ಈ ಸಲ ಅವರು ಬೇಗ ಗೆದ್ದರು. ಮುದುಕ ಬಹುಮಾನ ತಗೋರಿ ಎಂದ. ಬ್ಯಾಡ. ಮುದುಕ, ಬೆಳಿಗ್ಗೆ ನಾನು ಬರೆದಂತೆ, "ನಿಮಗ ಬ್ಯಾಡಾದ್ರ ಮನ್ಯಾಗ ಮಂದಿ ಅದಾರಲ್ರಿ, ಅವರಿಗಾದ್ರೂ ಒಯ್ಯಿರಿ" ಎಂದ. ಮಾಸ್ತರು ಅಡಿಗೆಮನೆಯ ಕಡೆ ನೋಡಿದರು. ಪರದೆ ನೋಡಿದರು. ನನ್ನ ತುಟಿಗಳು ನೋಯುತ್ತಿದ್ದವು.

"ಹೂಂ, ಇಷ್ಟ ಅಂತಾನಂದ್ರ..." ಎಂದು "ಆತು" ಒತ್ತಿದರು.

ಪರದೆಯ ಮೇಲೆ ತುಕ್ಕು ಹಿಡಿದ ಒಂದು ಕಬ್ಬಿಣದ ಟೊಪ್ಪಿಗೆ ಮೂಡಿತು, ಅದರ ಕೆಳಗೆ "ಕೆಲಸ ಮುಗಿಯಿತು" ಎಂಬ ಅಕ್ಷರ. ಫೋನಿನಲ್ಲಿ ಮೇಡಂ ಮೊದಲ ಸಲ ನಕ್ಕರು. "ಸೋಮವಾರದಿಂದ ಬನ್ನಿ. ಪತ್ರ ಇವತ್ತೇ ಕಳಿಸ್ತೀನಿ" ಎಂದರು.

ಮಾಸ್ತರು ಅದನ್ನು ಕೇಳಿಸಿಕೊಳ್ಳಲಿಲ್ಲ. ಆ ಟೊಪ್ಪಿಗೆಯನ್ನೇ ನೋಡುತ್ತಿದ್ದರು.

"ಇದಕ್ಕಽ ನೋಡು," ಎಂದರು, "ನಾ ಮೊದಲಽ ಬ್ಯಾಡ ಅಂದಿದ್ದು."