ಹುಟ್ಟುಹಬ್ಬಾನಾ ಮೇಡಂ?

"ಹುಟ್ಟುಹಬ್ಬಾನಾ ಮೇಡಂ?"

ವಿಜಯನಗರದ ನಮ್ಮ ಮನೆಯ ಹಿಂದಿರುವ ಸರ್ಕಾರಿ ಶಾಲೆಯ ಹೆಡ್‌ಮಿಸ್ಸು ನನ್ನನ್ನು ಕಂಡ ಕೂಡಲೇ ಕೇಳಿದ್ದು ಇದನ್ನೇ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಸಿಯೇ ಬಿಟ್ಟರು. ಕ್ಲಾಸುಗಳಿಂದ ಮಕ್ಕಳು ಓಡಿಬಂದು ಅಂಗಳದಲ್ಲಿ ಲೈನು ಕಟ್ಟಿದರು. ಎಲ್ಲರ ಕಣ್ಣೂ ನನ್ನ ಕೈಮೇಲೆ.

ನನ್ನ ಕೈಯಲ್ಲಿ ಮಿಠಾಯಿ ಡಬ್ಬ ಇರಲಿಲ್ಲ. ಇದ್ದದ್ದು ಮಗಳು ಮೇಘಾಳ ಬರ್ತ್ ಸರ್ಟಿಫಿಕೇಟು.

"ಅಡ್ಮಿಷನ್‌ಗೆ ಬಂದಿದ್ದೀನಿ ಮಿಸ್," ಅಂದೆ.

"ಓ, ನಿಮ್ಮ ಕೆಲಸದವಳ ಮಗೂಗಾ?"

"ಅಲ್ಲ, ಇವಳಿಗೆ. ನನ್ನ ಮಗಳಿಗೆ."

ಅವರು ಮೇಘಾಳ ಪಾಲಿಶ್ ಹಾಕಿದ ಶೂ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ತಮಾಷೆ ಮಾಡ್ಬೇಡಿ ಮೇಡಂ, ಮಕ್ಕಳು ಪಾಠ ಬಿಟ್ಟು ಬಂದು ನಿಂತಿದಾವೆ."

ಅವರದೇನೂ ತಪ್ಪಿಲ್ಲ ಬಿಡಿ. ನಮ್ಮ ಲೇಔಟಿನವರು ಆ ಗೇಟು ದಾಟುವುದೇ ಮಿಠಾಯಿ ಹಂಚುವುದಕ್ಕೆ. ಮಗುವಿನ ಬರ್ತ್‌ಡೇ ಬಂದರೆ ಬೆಳಿಗ್ಗೆ ದೇವಸ್ಥಾನ, ಆಮೇಲೆ ಸರ್ಕಾರಿ ಶಾಲೆ, ಸಂಜೆ ಕೇಕು. ಹೋದ ವರ್ಷ ನಾನೂ ಹೋಗಿದ್ದೆ. ಕೊಬ್ಬರಿ ಮಿಠಾಯಿ ಹಂಚಿ ಫೋಟೋ ತೆಗೆಸಿಕೊಂಡು ಬಂದಿದ್ದೆ. (ಆ ಫೋಟೋ ಈಗಲೂ ಆಲ್ಬಮ್ಮಿನಲ್ಲಿದೆ. ತೆಗೆದು ನೋಡಲು ನಾಚಿಕೆಯಾಗುತ್ತದೆ.)

ಹಾಗಾದರೆ ಈ ವರ್ಷ ನನ್ನ ತಲೆಗೆ ಏನು ಹೊಕ್ಕಿತು?

ನಮ್ಮ ಮನೆಗೆಲಸಕ್ಕೆ ಬರುವ ಮಾದೇವಮ್ಮನಿಗೊಬ್ಬಳು ಮಗಳು, ಕವಿತಾ. ಮೇಘಾಳ ವಯಸ್ಸೇ. ಇಬ್ಬರೂ ನಮ್ಮ ವರಾಂಡದಲ್ಲಿ ಒಟ್ಟಿಗೇ ಆಡಿ ಬೆಳೆದವರು. ಮೇಘಾಳಿಗೆ ದೊಡ್ಡ ಇಂಗ್ಲಿಷ್ ಸ್ಕೂಲಿನ ಇಂಟರ್‌ವ್ಯೂ ಆಯಿತು. (ಮಗುವಿಗಲ್ಲ, ನಮಗೆ! ಅಪ್ಪ ಅಮ್ಮ ಇಬ್ಬರೂ ಡಿಗ್ರಿ ಮಾಡಿರಬೇಕಂತೆ.) ಸೀಟೂ ಸಿಕ್ಕಿತು. ಅವತ್ತು ಮಾದೇವಮ್ಮ ಪಾತ್ರೆ ಉಜ್ಜುತ್ತಾ ಹೇಳಿದಳು:

"ನಮ್ ಹುಡ್ಗಿ ಇಸ್ಕೂಲು ಮುಚ್ಬುಡ್ತಾರಂತೆ ಕಣಕ್ಕ. ಮಕ್ಳೇ ಇಲ್ವಂತೆ. ರಿಂಗ್ ರೋಡ್ ಆಚೆ ಇರೋ ಇಸ್ಕೂಲ್ಗೆ ಸೇರುಸ್ತಾರಂತೆ. ಆ ಲಾರಿಗಳ ಮಧ್ಯ ಎಂಗಕ್ಕ ಕಳ್ಸದು? ಮನೇಲೇ ಇರ್ಲಿ ಬುಡಿ, ತಮ್ಮನ್ನ ನೋಡ್ಕೋತಾಳೆ."

ಮನೇಲೇ ಇರ್ಲಿ ಬುಡಿ! ಆರು ವರ್ಷದ ಹುಡುಗಿಯ ಓದು ಅಷ್ಟರಲ್ಲಿ ಮುಗಿದುಹೋಯಿತು.

ಮಕ್ಕಳೇ ಇಲ್ಲವೇ? ನಮ್ಮ ಕ್ರಾಸಿನಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತು ನೋಡಿ. ಹಳದಿ ವ್ಯಾನು, ಬಿಳಿ ವ್ಯಾನು, ಹಿಂಡುಹಿಂಡಾಗಿ ಮಕ್ಕಳನ್ನು ತುಂಬಿಕೊಂಡು ಊರಿನ ಆ ತುದಿಗೆ ಹೋಗುತ್ತವೆ. ಮನೆ ಹಿಂದಿನ ಶಾಲೆಗೆ ಮಾತ್ರ ಯಾರೂ ಇಲ್ಲ. ಅದಕ್ಕೆ ನಮ್ಮವರು ಇಟ್ಟಿರುವ ಹೆಸರು 'ಊಟದ ಸ್ಕೂಲು'. ಖಾಲಿ ಮಾಡಿದವರು ನಾವು. ಖಾಲಿ ಅಂತ ಬೀಗ ಹಾಕುವವರು ಸರ್ಕಾರದವರು. ನಡುವೆ ಕವಿತಾ ಮನೆಗೆ!

ಮೇಘಾಳನ್ನೂ ಇದೇ ಶಾಲೆಗೆ ಸೇರಿಸುತ್ತೇನೆ ಅಂತ ಅವತ್ತೇ ಹಟ ಹಿಡಿದೆ. ಯಜಮಾನರು ಎರಡು ದಿನ ಮಾತು ಬಿಟ್ಟು ಮೂರನೇ ದಿನ "ನಿನ್ನಿಷ್ಟ" ಅಂದರು. ಅತ್ತೆ ಮಾತ್ರ ಜಗ್ಗಲಿಲ್ಲ. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಶುರುಮಾಡಿದರು.

"ನಿಂಗೇನು ತಲೆ ಕೆಟ್ಟಿದ್ಯೇನಮ್ಮ? ಇಂಗ್ಲಿಷ್ ಬೇಡಾಂದ್ರೆ ಹೋಗ್ಲಿ, ಮಠದ ಸ್ಕೂಲಿಗಾದ್ರೂ ಸೇರ್ಸು. ಅವ್ರ ಪಕ್ಕ ಕೂತು ಊಟ ಮಾಡ್ಬೇಕಾ ನಮ್ಮ ಮಗು?"

"ನಮ್ಮನೇಲಿ ಅಡುಗೆ ಪಾತ್ರೆ ತೊಳೆಯೋದು ಯಾರು ಅತ್ತೆ?" ಅಂದೆ. ಅವತ್ತು ಅತ್ತೆ ನನ್ನ ಕೈಯ ಕಾಫಿ ಕುಡಿಯಲಿಲ್ಲ.

ನನಗೆ ಹೆದರಿಕೆ ಇರಲಿಲ್ಲವೇ? ಇತ್ತು ಸ್ವಾಮಿ. ಮಗಳ ಇಂಗ್ಲಿಷ್ ಏನಾಗುತ್ತೋ, ದೊಡ್ಡವಳಾದ ಮೇಲೆ ನನ್ನನ್ನೇ ಬೈಯುತ್ತಾಳೋ ಅಂತ ಈಗಲೂ ಇದೆ. ಆದರೆ ಮೇಘಾ ಮೂರು ತಿಂಗಳಿಂದ ಕವಿತಾಳ ಜೊತೆ ನಡೆದುಕೊಂಡು ಹೋಗಿಬರುತ್ತಿದ್ದಾಳೆ. ಮಗ್ಗಿ ತಪ್ಪಿಲ್ಲದೆ ಹೇಳುತ್ತಾಳೆ. ಶಾಲೆಯ ಬಚ್ಚಲಿಗೆ ನೀರಿಲ್ಲ ಅಂದಾಗ ನಾನು ಆಫೀಸರ ಮುಂದೆ ಹೋಗಿ ಕೂತೆ. ನಲ್ಲಿ ಬಂತು. ಮಾದೇವಮ್ಮ ಅದೇ ನಲ್ಲಿಗಾಗಿ ಎಷ್ಟು ಸಲ ಹೋಗಿದ್ದಳೋ! ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ಶಾಲೆಗೆ ಬೀಗವೂ ಬಿದ್ದಿಲ್ಲ, ಈ ವರ್ಷದ ಮಟ್ಟಿಗೆ.

ಹೋದ ವಾರ ನಮ್ಮ ಎದುರುಮನೆಯ ಇಂಜಿನಿಯರ್ ಶಿವಪ್ರಕಾಶ್ ಅವರ ಮಗನ ಬರ್ತ್‌ಡೇ. ಎಂದಿನಂತೆ ಚಾಕಲೇಟ್ ಡಬ್ಬ ಹಿಡಿದು ಶಾಲೆಗೆ ಹೋದರು. ಗಂಟೆ ಹೊಡೆಯಿತು, ಲೈನು ನಿಂತಿತು. ಲೈನಿನ ಮಧ್ಯೆ ಎರಡೂ ಕೈ ಚಾಚಿ ನಿಂತಿದ್ದಳು ನನ್ನ ಮಗಳು.

ಶಿವಪ್ರಕಾಶ್ ಗಾಬರಿಯಾದರಂತೆ. "ಅಯ್ಯೋ ಪುಟ್ಟಿ, ನೀನ್ಯಾಕಮ್ಮ ಇಲ್ಲಿ? ಬಾ ಈ ಕಡೆ, ಅಣ್ಣನ ಜೊತೆ ನಿಂತ್ಕೊಂಡು ನೀನೂ ಹಂಚು" ಅಂತ ತೋಳು ಹಿಡಿದು ಎಳೆದರಂತೆ. ಇವಳು ಕೊಸರಿಕೊಂಡು, "ಬಿಡಿ ಅಂಕಲ್, ನನ್ನ ಜಾಗ ಹೋಗತ್ತೆ!" ಅಂದು ಮತ್ತೆ ಕವಿತಾಳ ಮುಂದೆ ಹೋಗಿ ನಿಂತಳಂತೆ. ಇದನ್ನೆಲ್ಲ ನನಗೆ ಹೇಳಿದವರು ಹೆಡ್‌ಮಿಸ್ಸು. ನಗುತ್ತಾ ಹೇಳಿದರು, ಹೇಳುತ್ತಾ ಕಣ್ಣೊರೆಸಿಕೊಂಡರು.

ಸಂಜೆ ಶಿವಪ್ರಕಾಶ್ ನಮ್ಮ ಗೇಟಿನ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ನೊಂದುಕೊಂಡಿದ್ದರು.

"ತಪ್ಪು ತಿಳ್ಕೋಬೇಡಿ ಕಣ್ರೀ. ಆ ಮಗು ಹಂಗೆ ಕೈಚಾಚಿ ನಿಂತಿದ್ದು ನೋಡಿ ನನಗೆ ಊಟ ಸೇರ್ಲಿಲ್ಲ."

"ಅವಳ ಹಿಂದೆ ಕವಿತಾನೂ ಕೈಚಾಚಿ ನಿಂತಿದ್ಲಲ್ಲ ಸಾರ್," ಅಂದೆ. "ಇಷ್ಟು ವರ್ಷ ಅಂಥ ಮಕ್ಕಳನ್ನ ನೋಡ್ಕೊಂಡು ಬಂದು ಹೆಂಗೆ ಊಟ ಮಾಡ್ತಿದ್ರಿ?"