ಮೈ ತುಂಬಲಿ ಎಂದು ಎರಡು ತಿಂಗಳು ಕೇಳಿದ್ದು

ಮಗಳೀಗ ಹೈಸ್ಕೂಲಿಗೆ ಹೋಗುತ್ತಾಳೆ. ಅವಳು ತೊಟ್ಟಿಲಲ್ಲಿದ್ದಾಗ ನಾನು ಕಾನಸೂರಿನ ಸುತ್ತಲ ಮನೆಗಳಿಂದ ಕಾಳುಮೆಣಸು ಕೊಂಡು ಶಿರಸಿ ಪೇಟೆಗೆ ಮಾರುತ್ತಿದ್ದೆ. ಮನೆ ತುಂಬ ಮೆಣಸಿನ ಘಾಟು, ತೊಟ್ಟಿಲ ಬಟ್ಟೆಗೂ ಅದೇ ವಾಸನೆ. ಚೀಲ ಎತ್ತಿದರೆ ಸಾಕು, ತೂಕ ಹೇಳಿಬಿಡುತ್ತೇನೆಂಬ ಜಂಬ ನನಗೆ. ಮೂರು ತಿಂಗಳ ಕೂಸನ್ನೂ ಎತ್ತಿ, ಐದು ಕೆಜಿ ಎಂದಿದ್ದೆ.

ಅಂಗನವಾಡಿಯಲ್ಲಿ ತೂಗಿದರೆ ನಾಲ್ಕೂ ತುಂಬಲಿಲ್ಲ.

"ನಿಮ್ಮ ತಕ್ಕಡಿ ಸರಿ ಇಲ್ಲ," ಎಂದೆ.

"ತಕ್ಕಡಿ ಜೊತೆ ಚೌಕಾಸಿ ಮಾಡ್ತ್ರಾ ಅಕ್ಕಾ?" ಟೀಚರು ನಕ್ಕರು. ಆಮೇಲೆ ಕೂಸಿನ ಪಕ್ಕೆಲುಬು ನೋಡಿ ಕೇಳಿದರು: "ಹಾಲು ಕುಡಿಯುವಾಗ ಬೆವರ್ತದಾ?"

ಬೆವರುತ್ತಿತ್ತು. ನಾಲ್ಕು ಗುಟುಕಿಗೇ ಎದೆ ಬಿಟ್ಟು ಏದುಸಿರು ಬಿಡುತ್ತಿತ್ತು. ಸೆಕೆ ಎಂದುಕೊಂಡಿದ್ದೆ. ತೂಗುವುದೇ ಬೇಡವೆನ್ನುವ ಅತ್ತೆಯದು ಇನ್ನೊಂದು ಸಮಾಧಾನ: "ನಮ್ಮನೆ ಕೂಸುಗಳೆಲ್ಲ ಸಣ್ಣಕೇ ಇರ್ತ. ಪದೇಪದೇ ತೂಗಡ ತಂಗಿ, ದೃಷ್ಟಿ ಬೀಳ್ತು."

ಶಿರಸಿಯ ಡಾಕ್ಟರು ಕೂಸಿನ ಎದೆಯ ಸದ್ದನ್ನು ಬಹಳ ಹೊತ್ತು ಕೇಳಿ ಹುಬ್ಬಳ್ಳಿಗೆ ಕಳಿಸಿದರು. ಹೃದಯದಲ್ಲಿ ಹುಟ್ಟಿನಿಂದಲೇ ದೊಡ್ಡ ತೂತು, ಆಪರೇಷನ್ ಆಗಲೇಬೇಕು ಎಂದರು ಅಲ್ಲಿಯ ಡಾಕ್ಟರು. ದರ ಏರಲೆಂದು ಮಾಲು ಹಿಡಿದಿಟ್ಟು ರೂಢಿಯಾದವಳು ನಾನು, ಅಲ್ಲೂ ವಾಯಿದೆ ಕೇಳಿದೆ.

"ಎರಡು ತಿಂಗಳು ಕೊಡಿ ಸಾರ್. ಮೈ ತುಂಬಿಸಿಕೊಂಡು ಬರ್ತೇನೆ."

"ಎಲ್ಲಿಂದ ತುಂಬ್ತೈತ್ರೀ ಅಮ್ಮಾ? ಕುಡಿದ ಹಾಲೆಲ್ಲಾ ಉಸಿರಾಡೋದಕ್ಕ ಖರ್ಚಾಗಾಕತ್ತೈತಿ. ಎರಡು ತಿಂಗಳು ಈ ಕೂಸು ತಡಿಯಂಗಿಲ್ರಿ."

ಆಪರೇಷನ್ನಿಗೆ ಒಪ್ಪಿ ಸಹಿ ಹಾಕಿದೆ. ಹತ್ತು ದಿನ ಔಷಧ ಕೊಡುತ್ತ, ಹಿಂಡಿದ ಹಾಲನ್ನು ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸುತ್ತ ಕಾದೆವು. ಮನೆಯಲ್ಲಿ ಕೂಸಿದ್ದವರಿಗೆ ಒಂದು ಮಾತು: ಹಾಲಿಗೆ ದಣಿಯುವ ಮಗು ದಪ್ಪವಾಗಲಿ ಎಂದು ಕಾಯಬೇಡಿ, ಮೊದಲು ತೋರಿಸಿ.

ಆಪರೇಷನ್ ಆಗಿ ವಾರ ಕಳೆದಿತ್ತು. ಕೊಟ್ಟ ಹಾಲನ್ನೆಲ್ಲ ಕುಡಿದು ಮುಗಿಸಿದ ಕೂಸು, ಇನ್ನೂ ಬೇಕೆಂದು ವಾರ್ಡು ಕಿತ್ತುಹೋಗುವ ಹಾಗೆ ಕಿರುಚಿತು. ಅಷ್ಟು ದೊಡ್ಡ ದನಿ ಅದಕ್ಕಿದೆಯೆಂದೇ ನಮಗೆ ಗೊತ್ತಿರಲಿಲ್ಲ.

ಪಕ್ಕದ ಹಾಸಿಗೆಯ ಹಾವೇರಿಯ ತಾಯಿ, "ಏನ್ ಬಾಯಿ ರೀ ಯಕ್ಕಾ ನಿಮ್ಮ ಹುಡುಗೀದು! ಎತ್ಕೋರಿ ಲಗೂನ," ಎಂದಳು.

ಎತ್ತಿಕೊಂಡೆ. ಆದರೆ ಅದಕ್ಕೂ ಮುಂಚೆ ಒಂದು ಗಳಿಗೆ, ಸುಮ್ಮನೆ ಕೂತು ಆ ಅಳುವನ್ನು ಕೇಳಿದೆ.